2020ರ ಜುಲೈ: ಮಂಗಳೂರಲ್ಲಿ ಲಾಕ್‌ಡೌನ್, ಉಡುಪಿಯಲ್ಲಿ ಬರೀ ಗಡಿ ಬಂದ್. ಯಾವುದರಿಂದ ಎಷ್ಟು ಕಡಿಮೆಯಾಯಿತು ಅಂತ ಲೆಕ್ಕ ಹಾಕಬಹುದಾ?

ಶಾಂಭವಿ_ತೀರ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮೂಲ್ಕಿಯಲ್ಲಿ. ಶಾಂಭವಿ ಹೊಳೆಯ ಸೇತುವೆ ದಾಟಿದರೆ ಹೆಜಮಾಡಿ, ಅಲ್ಲಿಂದ ಉಡುಪಿ ಜಿಲ್ಲೆ.

2020ರ ಜುಲೈ ನೆನಪುಂಟಾ? 16ರಿಂದ ಒಂದು ವಾರ ನಮ್ಮ ದಕ್ಷಿಣ ಕನ್ನಡದಲ್ಲಿ ಲಾಕ್‌ಡೌನ್ ಆಯಿತು. ಅದೇ ಹೊತ್ತಿಗೆ ಉಡುಪಿಯಲ್ಲಿ ಲಾಕ್‌ಡೌನ್ ಬೇಡ, 14 ದಿನ ಜಿಲ್ಲೆಯ ಗಡಿ ಮಾತ್ರ ಮುಚ್ಚುವುದು ಅಂತ ತೀರ್ಮಾನವಾಯಿತು. ಹೊಳೆಯ ಈಚೆ ಅಂಗಡಿಗಳಿಗೆ ಬಾಗಿಲು, ಆಚೆ ಪೇಟೆ ತೆರೆದೇ ಇತ್ತು.

ಆಗ ನಾನು ದಿನಾ ರಾತ್ರಿ ಎರಡೂ ಜಿಲ್ಲೆಯ ಕೋವಿಡ್ ಬುಲೆಟಿನ್ ನೋಡಿ ಬರೆದಿಡುತ್ತಿದ್ದೆ. ಮಗಳ ಹಳೆಯ ಕಾಪಿ ಪುಸ್ತಕದಲ್ಲಿ ಎಡಗಡೆ ನಮ್ಮದು, ಬಲಗಡೆ ಉಡುಪಿಯದ್ದು. ಮೊನ್ನೆ ಕಪಾಟು ಗುಡಿಸುವಾಗ ಆ ಪುಸ್ತಕ ಸಿಕ್ಕಿತು. ಲಾಕ್‌ಡೌನ್ ಇದ್ದ ಆ ಏಳು ಸಾಲುಗಳಲ್ಲಿ ನಮ್ಮ ಕಡೆ ಕೇಸ್ ಇಳಿದ ಹಾಗೆ ಕಾಣುವುದೇ ಇಲ್ಲ. ಚಿಕ್ಕಪ್ಪನಿಗೆ ತೋರಿಸಿದೆ. "ನೋಡು, ನಾನು ಆವತ್ತೇ ಹೇಳಿದ್ದೆ. ಲಾಕ್‌ಡೌನ್‌ನಿಂದ ಏನೂ ಆಗಲಿಲ್ಲ" ಅಂದರು.

ಅಷ್ಟು ಸುಲಭವಾ ಇದು? ಅಕ್ಕಪಕ್ಕದ ಎರಡು ಜಿಲ್ಲೆ. ಒಂದರಲ್ಲಿ ಬಂದ್, ಇನ್ನೊಂದರಲ್ಲಿ ಇಲ್ಲ. ಇದನ್ನು ಇಟ್ಟುಕೊಂಡು ಏನಾದರೂ ಹೇಳಲು ಆಗುತ್ತದಾ? ಗೊತ್ತಿದ್ದವರು ಬಿಡಿಸಿ ಹೇಳಿ.

ಕುಡ್ಲ_ರಿಕ್ಷಾ
ನಿಮ್ಮ ಚಿಕ್ಕಪ್ಪ ಹೇಳಿದ್ದು ಸರಿ ಅಕ್ಕ. ನಾನು ರಿಕ್ಷಾ ಓಡಿಸುವವನು. ಆ ವಾರ ಗಾಡಿ ಮನೆಯಲ್ಲೇ ನಿಂತಿತ್ತು, ಮಳೆಗೆ ಸೀಟು ಬೂಷ್ಟು ಹಿಡಿಯಿತು. ಲೋನಿನ ಕಂತು ಮಾತ್ರ ನಿಲ್ಲಲಿಲ್ಲ. ಕೇಸ್ ಇಳಿಯದಿದ್ದರೆ ನಾವು ಯಾಕೆ ಸುಮ್ನೆ ಕೂತದ್ದು?

ಲೆಕ್ಕದ_ಮಾಷ್ಟ್ರು
ಶಾಂಭವಿ ಅವರೇ, ಮೊದಲು ಒಂದು ವಿಷಯ. ನಿಮ್ಮ ಪುಸ್ತಕದಲ್ಲಿ ಇರುವುದು ಸೋಂಕು ತಗುಲಿದ ದಿನ ಅಲ್ಲ, ರಿಪೋರ್ಟ್ ಬಂದ ದಿನ. ಈ ಎರಡರ ನಡುವೆ ಎಷ್ಟು ದಿನ ಹೋಗುತ್ತದೆ ಅಂತ ನೋಡಿ.

ವೈರಸ್ ಒಳಗೆ ಹೋಗಿ ಜ್ವರ ಬರಲು ಸುಮಾರು 5 ದಿನ. ಕೆಲವರಿಗೆ 2, ಕೆಲವರಿಗೆ 10ಕ್ಕೂ ಜಾಸ್ತಿ. ಜ್ವರ ಬಂದ ಮೇಲೆ ಯಾರೂ ಆ ದಿನವೇ ಟೆಸ್ಟಿಗೆ ಓಡಲಿಲ್ಲ. ಎರಡು ದಿನ ಕಷಾಯ, ಎರಡು ದಿನ ಮಾತ್ರೆ. ಆಮೇಲೆ ಗಂಟಲ ದ್ರವ ಕೊಟ್ಟು ರಿಪೋರ್ಟಿಗೆ ಕಾಯುವುದು. ಒಟ್ಟಿಗೆ ಹತ್ತು ಹನ್ನೆರಡು ದಿನ ಸುಲಭವಾಗಿ ಆಗುತ್ತದೆ. ಅಂದರೆ ಜುಲೈ 16ರಂದು ಪೇಟೆ ಮುಚ್ಚಿದ್ದರ ಫಲ ಬುಲೆಟಿನ್‌ನಲ್ಲಿ ಕಾಣಬೇಕಾದದ್ದು 26, 28ರ ಹೊತ್ತಿಗೆ. ಅಷ್ಟರಲ್ಲಿ ನಿಮ್ಮ ಲಾಕ್‌ಡೌನ್ ಮುಗಿದೇ ಹೋಗಿತ್ತು! ನೀವು ನೋಡಿದ ಆ ಏಳು ಸಾಲು ಜುಲೈ ಮೊದಲ ವಾರದಲ್ಲಿ ಯಾರು ಯಾರನ್ನು ಮುಟ್ಟಿದರು ಅನ್ನುವುದರ ಲೆಕ್ಕ.

ಚಿಕ್ಕಪ್ಪನಿಗೆ ಹತ್ತು ಸಾಲು ಕೆಳಗೆ ಓದಲು ಹೇಳಿ.

ಶಾಂಭವಿ_ತೀರ
ಅಯ್ಯೋ, ಇದು ನನಗೆ ಹೊಳೆಯಲೇ ಇಲ್ಲ ಮಾಷ್ಟ್ರೆ. ಹತ್ತು ಸಾಲು ಕೆಳಗೆ ನೋಡಿದೆ. ಅಲ್ಲಿಯೂ ಏರಿಳಿತ ಉಂಟು. ಒಂದು ದಿನ ಜಾಸ್ತಿ, ಮರುದಿನ ಕಡಿಮೆ. ಸ್ಪಷ್ಟ ಇಲ್ಲ.

ಡೇಟಾ_ಹುಡುಗ
ಮಾಷ್ಟ್ರೆ, ಸಣ್ಣ ತಿದ್ದುಪಡಿ. ಹತ್ತು ದಿನ ಹಿಂದೆ ಸರಿಸಿದರೆ ಸಾಕಾಗುವುದಿಲ್ಲ. ಒಬ್ಬನ ರಿಪೋರ್ಟ್ ಆರು ದಿನಕ್ಕೆ ಬರುತ್ತದೆ, ಇನ್ನೊಬ್ಬನದ್ದು ಹದಿನೈದು ದಿನಕ್ಕೆ. ಹಾಗಾಗಿ ಒಂದೇ ದಿನ ಸೋಂಕು ಧಡಕ್ಕನೆ ಇಳಿದರೂ ಬುಲೆಟಿನ್‌ನಲ್ಲಿ ಅದು ಮೆಲ್ಲಗೆ ಇಳಿಜಾರಿನ ಹಾಗೆ ಕಾಣುತ್ತದೆ. ಬಿಳಿ ಬಟ್ಟೆಗೆ ಶಾಯಿ ಬಿದ್ದು ಹರಡಿದ ಹಾಗೆ. ಆ ಹರಡಿದ ಕಲೆಯಿಂದ ಹನಿ ಬಿದ್ದ ಜಾಗ ಹುಡುಕಬೇಕು. ಅದಕ್ಕೆ ಲೆಕ್ಕದ ವಿಧಾನ ಇದೆ, ಆದರೆ ಒಂದು ವಾರದ ಲಾಕ್‌ಡೌನಿಗೆ ಕಷ್ಟ. ಕಲೆಯ ಅಗಲವೇ ಒಂದು ವಾರಕ್ಕಿಂತ ಜಾಸ್ತಿ.

ಲೆಕ್ಕದ_ಮಾಷ್ಟ್ರು
ಒಪ್ಪಿದೆ. ನಾನು ತುಂಬ ಸರಳ ಮಾಡಿ ಹೇಳಿದೆ.

ಅಂಧೇರಿ_ಟು_ಕಾಪು
ರಿಪೋರ್ಟ್ ದಿನದ ವಿಷಯ ಬಂತಲ್ಲ, ನನ್ನದನ್ನೂ ಹೇಳಿಬಿಡುತ್ತೇನೆ. ನಾನು ಅಂಧೇರಿಯಲ್ಲಿ ಹೋಟೆಲ್ ಕೆಲಸದಲ್ಲಿದ್ದವನು. 2020ರ ಮೇ ತಿಂಗಳಲ್ಲಿ ಪಾಸ್ ಸಿಕ್ಕಿ ಊರಿಗೆ ಬಂದೆ. ಒಂದು ಹಾಸ್ಟೆಲಿನಲ್ಲಿ ಕ್ವಾರಂಟೈನ್. ಕೋಣೆಯಲ್ಲಿ ಕಬ್ಬಿಣದ ಮಂಚ, ಒಂದು ಬಕೆಟು, ಕಿಟಕಿಯ ಹೊರಗೆ ಹಲಸಿನ ಮರ. ದಿನಾ ಬೆಳಗ್ಗೆ ಬಾಗಿಲ ಹೊರಗೆ ಗಂಜಿ, ಚಟ್ನಿ ಇಟ್ಟು ಹೋಗುತ್ತಿದ್ದರು. ಗಂಟಲ ದ್ರವ ತೆಗೆದುಕೊಂಡು ಹೋದವರು ಎಷ್ಟು ದಿನವಾದರೂ ರಿಪೋರ್ಟ್ ಹೇಳಲಿಲ್ಲ. ನನ್ನ ಹಾಗೆ ಸಾವಿರಾರು ಜನ ಬಂದಿದ್ದರು. ಅಷ್ಟು ಸ್ಯಾಂಪಲ್ ನೋಡಲು ಆಗಬೇಕಲ್ಲ.

ಆಮೇಲೆ ರಿಪೋರ್ಟುಗಳೆಲ್ಲ ರಾಶಿ ರಾಶಿಯಾಗಿ ಒಟ್ಟಿಗೆ ಬಂದವು. ಜೂನ್ 2ರಂದು ಒಂದೇ ದಿನ ಉಡುಪಿಯಲ್ಲಿ 150 ಕೇಸ್. ಇಡೀ ರಾಜ್ಯದ್ದು 388, ಅದರಲ್ಲಿ 150 ನಮ್ಮದು! ಹೆಚ್ಚಿನವರು ಮಹಾರಾಷ್ಟ್ರದಿಂದ ಬಂದವರೇ. ಅದಕ್ಕೆ ಒಂದು ತಿಂಗಳ ಮೊದಲು ಇದೇ ಉಡುಪಿ ಹಸಿರು ವಲಯ ಆಗಿತ್ತು.

ಈಗ ಯಾರಾದರೂ ಗ್ರಾಫ್ ಹಾಕಿ "ಲಾಕ್‌ಡೌನ್ ಸಡಿಲ ಮಾಡಿದ್ದೇ ತಡ, ಉಡುಪಿಯಲ್ಲಿ ಸ್ಫೋಟ" ಅಂತ ಬರೆದರೆ ಅದು ತಪ್ಪು. ನನಗೆ ಸೋಂಕು ತಗುಲಿದ್ದು ಮುಂಬೈಯ ಚಾಳಿನಲ್ಲಿ. ಉಡುಪಿಯ ಪೇಟೆಯಲ್ಲಿ ನಾನು ಯಾರನ್ನೂ ಮುಟ್ಟಲೇ ಇಲ್ಲ. ಆದರೂ ಊರಿನವರು "ಮುಂಬೈಯವರು ತಂದರು" ಅಂತ ನಮ್ಮ ಮನೆಯ ಬಾವಿಯ ನೀರನ್ನೂ ಮುಟ್ಟಲಿಲ್ಲ. ಅಮ್ಮ ಅದನ್ನು ಇವತ್ತಿಗೂ ಮರೆತಿಲ್ಲ.

ಮಲ್ಪೆ_ಅಲೆ
ಬೇಜಾರು ಮಾಡಬೇಡಿ ಅಣ್ಣ. ಆವಾಗ ಎಲ್ಲರಿಗೂ ಹೆದರಿಕೆ.

ಅಂಧೇರಿ_ಟು_ಕಾಪು
ಬೇಜಾರು ಇದ್ದೇ ಇದೆ. ಆದರೆ ಲೆಕ್ಕ ಹಾಕುವವರು ಹೊರಗಿನಿಂದ ಬಂದ ಕೇಸನ್ನು ಬೇರೆ ಇಟ್ಟು ಹಾಕಲಿ. ಅಷ್ಟೇ ಕೇಳುವುದು.

ಡೇಟಾ_ಹುಡುಗ
ಅಣ್ಣ ಹೇಳಿದ್ದು ಪಕ್ಕಾ. ಇಲ್ಲಿ ಒಬ್ಬರಿಂದ ಎಷ್ಟು ಜನರಿಗೆ ಹಬ್ಬಿತು ಅಂತ ನೋಡಬೇಕಾದರೆ ಬಸ್ಸಿನಲ್ಲಿ, ವಿಮಾನದಲ್ಲಿ ಬಂದವರನ್ನು "ಹಬ್ಬಿಸಿದವರ" ಸಾಲಿಗೆ ಹಾಕಬಹುದು, "ಇಲ್ಲಿ ಹಬ್ಬಿದವರ" ಸಾಲಿಗೆ ಹಾಕಬಾರದು. ವಿದೇಶದಲ್ಲಿ ಸಿಕ್ಕಿಬಿದ್ದವರನ್ನು ಕರೆತರುವ ವಂದೇ ಭಾರತ್ ವಿಮಾನ ದುಬೈಯಿಂದ ಮಂಗಳೂರಿಗೆ ಮೇ 12ಕ್ಕೆ ಶುರುವಾಯಿತು. ಅಲ್ಲಿಗೂ ಇದೇ ಮಾತು.

ಬೀಡಿ_ಬ್ರಾಂಚ್
ನನಗೆ ಒಂದು ಅರ್ಥ ಆಗುವುದಿಲ್ಲ. ಒಬ್ಬರಿಂದ ಎಷ್ಟು ಜನರಿಗೆ ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ಲಾಕ್‌ಡೌನಿಗೆ ಹೇಗೆ ಹೊಂದಿಸುವುದು? ಸಣ್ಣ ಉದಾಹರಣೆ ಕೊಟ್ಟು ಹೇಳಿ.

ಲೆಕ್ಕದ_ಮಾಷ್ಟ್ರು
ಹೇಳುತ್ತೇನೆ. ಇದು ನಾನು ಉದಾಹರಣೆಗೆ ತೆಗೆದುಕೊಂಡ ಸಂಖ್ಯೆ, ನಮ್ಮ ಜಿಲ್ಲೆಯದ್ದು ಅಂತ ತಿಳಿಯಬೇಡಿ.

ಒಬ್ಬನಿಂದ ಸರಾಸರಿ 1.3 ಜನರಿಗೆ ಹಬ್ಬುತ್ತದೆ, ಒಂದು ಸುತ್ತಿಗೆ 5 ದಿನ ಅಂತ ಇಟ್ಟುಕೊಳ್ಳಿ. ಇವತ್ತು 100 ಜನ. ಹೀಗೇ ಬಿಟ್ಟರೆ ಒಂದು ವಾರದ ನಂತರ ಸುಮಾರು 144. ಅದೇ ವಾರ ಪೇಟೆ ಮುಚ್ಚಿ ಆ 1.3 ಅನ್ನುವುದು 0.8ಕ್ಕೆ ಇಳಿಯಿತು ಅಂತ ಇಟ್ಟುಕೊಂಡರೆ ವಾರದ ನಂತರ 73. ಅರ್ಧ! ಈಗ ಬಾಗಿಲು ತೆರೆದೆವು. ಮತ್ತೆ 1.3ರ ವೇಗ. ಆ 73 ಮತ್ತೆ 144 ಆಗಲು ಎಷ್ಟು ದಿನ ಬೇಕು? ಹತ್ತಿರ ಹತ್ತಿರ 13 ದಿನ.

ಅಂದರೆ ಈ ಉದಾಹರಣೆಯಲ್ಲಿ ಒಂದು ವಾರದ ಲಾಕ್‌ಡೌನ್ ರೋಗವನ್ನು ಸುಮಾರು 13 ದಿನ ಮುಂದೂಡಿತು. ನಿಲ್ಲಿಸಲಿಲ್ಲ. ಇದನ್ನೇ 30 ದಿನ ಎಳೆದರೆ ಬೇರೆ ಚಿತ್ರ. ಮುಚ್ಚದಿದ್ದರೆ 100 ಹೋಗಿ 480ರ ಮೇಲೆ. ಮುಚ್ಚಿದರೆ 26. ಒಂದಕ್ಕಿಂತ ಮೇಲೆ ಅಥವಾ ಕೆಳಗೆ, ಅದರಲ್ಲೇ ಎಲ್ಲ ಇರುವುದು. 1927ರಲ್ಲಿ ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಬರೆದ, ರೋಗ ಹಬ್ಬುವುದನ್ನು ಲೆಕ್ಕ ಹಾಕುವ ಸಮೀಕರಣದಿಂದ ಇವತ್ತಿನ ವರೆಗೆ ಇದೇ ಮೂಲ.

ಕುಡ್ಲ_ರಿಕ್ಷಾ
13 ದಿನ ಮುಂದೂಡಲು ಒಂದು ವಾರದ ದುಡಿಮೆ ಬಿಡಬೇಕಾ ಮಾಷ್ಟ್ರೆ? ಮುಂದೂಡಿ ಏನು ಲಾಭ? ಬರುವುದು ಹೇಗೂ ಬಂತಲ್ಲ.

ವಾರ್ಡ್_ಅಕ್ಕ
ಲಾಭ ಉಂಟು ತಮ್ಮಾ. ನಾನು ಕೋವಿಡ್ ವಾರ್ಡಿನಲ್ಲಿ ಇದ್ದವಳು, ನೋಡಿದ್ದನ್ನು ಹೇಳುತ್ತೇನೆ.

ಏಪ್ರಿಲ್ 2020ರಲ್ಲಿ ನಮಗೆ ಯಾವ ಔಷಧಿ ಕೊಡಬೇಕು ಅಂತಲೇ ಗೊತ್ತಿರಲಿಲ್ಲ. ಆ ವರ್ಷ ಜೂನ್ 16ಕ್ಕೆ ಇಂಗ್ಲೆಂಡಿನಿಂದ ಸುದ್ದಿ ಬಂತು, ಡೆಕ್ಸಾಮೆಥಸೋನ್ ಕೆಲಸ ಮಾಡುತ್ತದೆ ಅಂತ. ವೆಂಟಿಲೇಟರಿನಲ್ಲಿ ಇದ್ದವರ ಸಾವು ಮೂರನೇ ಒಂದು ಭಾಗ ಕಡಿಮೆ, ಆಕ್ಸಿಜನ್ ಬೇಕಾದವರ ಸಾವು ಐದನೇ ಒಂದು ಭಾಗ ಕಡಿಮೆ. ಎಷ್ಟೋ ವರ್ಷದಿಂದ ನಮ್ಮ ಕಪಾಟಿನಲ್ಲೇ ಇದ್ದ ಅಗ್ಗದ ಇಂಜೆಕ್ಷನ್ ಅದು! ಮಾರ್ಚಿನಲ್ಲಿ ರೋಗಿಗಳೆಲ್ಲ ಒಮ್ಮೆಲೇ ಬಂದಿದ್ದರೆ ಅವರಿಗೆ ಅದು ಸಿಗುತ್ತಿರಲಿಲ್ಲ. ಜುಲೈಯಲ್ಲಿ ಬಂದವರಿಗೆ ಸಿಕ್ಕಿತು. ಮುಂದೂಡುವುದು ಅಂದರೆ ಇದು. ಆಕ್ಸಿಜನ್ ಪೈಪ್ ಹಾಕಿದ ಬೆಡ್ ಜಾಸ್ತಿ ಮಾಡಲಿಕ್ಕೂ ದಿನ ಬೇಕು.

ಇನ್ನೊಂದು. ಕೇಸಿನ ಸಂಖ್ಯೆಯನ್ನು ನಂಬಿ ಕೂರಬೇಡಿ. ಟೆಸ್ಟ್ ಜಾಸ್ತಿ ಮಾಡಿದ ದಿನ ಕೇಸ್ ಜಾಸ್ತಿ, ಭಾನುವಾರ ಕಡಿಮೆ. 2020ರ ಸೆಪ್ಟೆಂಬರಿನಲ್ಲಿ ಕರ್ನಾಟಕದಲ್ಲಿ ರಕ್ತ ಪರೀಕ್ಷೆಯ ಸರ್ವೆ ಆಯಿತಲ್ಲ, ಅದರಲ್ಲಿ ಶೇ 27.3 ಜನರಿಗೆ ಆಗಲೇ ಸೋಂಕು ತಗುಲಿತ್ತು ಅಂತ ಬಂತು. ರಾಜ್ಯಕ್ಕೆ ಲೆಕ್ಕ ಹಾಕಿದರೆ 1.93 ಕೋಟಿ ಜನ. ಬುಲೆಟಿನ್‌ನಲ್ಲಿ ಐದು ಲಕ್ಷವೂ ಇರಲಿಲ್ಲ. ಒಂದು ಕೇಸ್ ಕಂಡರೆ 40 ಸೋಂಕು ಅಂತ ಆಯಿತು.

ಶಾಂಭವಿ_ತೀರ
40ಕ್ಕೆ ಒಂದಾ? ಹಾಗಾದರೆ ನನ್ನ ಪುಸ್ತಕ ಏನಕ್ಕೆ ಬಂತು ಅಕ್ಕ?

ವಾರ್ಡ್_ಅಕ್ಕ
ಬಂತು, ಬರುತ್ತದೆ. 40ಕ್ಕೆ ಒಂದು ಅನ್ನುವುದು ದಿನಾ ಒಂದೇ ಆಗಿದ್ದರೆ ಏರಿಳಿತ ಸರಿಯಾಗಿಯೇ ಕಾಣುತ್ತದೆ. ಅದು ದಿನಕ್ಕೊಂದು ಆದರೆ ಮಾತ್ರ ಮೋಸ. ಅದಕ್ಕೇ ಅವತ್ತು ಎಷ್ಟು ಟೆಸ್ಟ್ ಆಯಿತು ಅಂತಲೂ ಪಕ್ಕದಲ್ಲಿ ಬೇಕು. ನಾವು ಆಸ್ಪತ್ರೆಯವರು ನಂಬುತ್ತಿದ್ದದ್ದು ಆಕ್ಸಿಜನ್ ಬೇಕಾಗಿ ಬಂದವರ ಸಂಖ್ಯೆಯನ್ನು. ಅದು ತಡವಾಗಿ ಬರುತ್ತದೆ, ಆದರೆ ಸುಳ್ಳು ಹೇಳುವುದಿಲ್ಲ.

ಮಲ್ಪೆ_ಅಲೆ
ಎರಡು ಜಿಲ್ಲೆ ಹೋಲಿಸುವ ಮೊದಲು ಒಂದು ವಿಷಯ ನೋಡಿ. ಜುಲೈ 16 ಅಂದರೆ ತುಳುವಿನ ಆಟಿ ತಿಂಗಳು ಹಿಡಿಯುವ ಹೊತ್ತು! ಆಟಿಯಲ್ಲಿ ನಮ್ಮಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಭೂತದ ಕೋಲ ಇಲ್ಲ. ಯಕ್ಷಗಾನದ ಮೇಳ ಮೇ ಕೊನೆಯ ಪತ್ತನಾಜೆಗೇ ಗೆಜ್ಜೆ ಬಿಚ್ಚಿ ಆಗಿರುತ್ತದೆ. ಆ ವರ್ಷವಂತೂ ಮಾರ್ಚಿನಲ್ಲೇ ಆಟ ನಿಂತಿತ್ತು. ಮೇಲಿಂದ ಮೀನುಗಾರಿಕೆ ನಿಷೇಧ. 2020ರಲ್ಲಿ ಅದು ಜೂನ್ 15ರಿಂದ ಜುಲೈ 31ರ ವರೆಗೆ. ಮಲ್ಪೆ ಬಂದರಿನಲ್ಲಿ ಬೋಟು ಸಾಲಾಗಿ ನಿಂತಿತ್ತು, ಮಂಗಳೂರು ದಕ್ಕೆಯಲ್ಲಿಯೂ ಹಾಗೆಯೇ. ಜಡಿಮಳೆ ಬೇರೆ.

ಅಂದರೆ ಎರಡೂ ಕಡೆ ಜನ ಸೇರುವುದು ಮೊದಲೇ ಅರ್ಧಕ್ಕರ್ಧ ಕಡಿಮೆ. ಅದರ ಮೇಲೆ ಲಾಕ್‌ಡೌನ್ ಹಾಕಿದರೆ ಇನ್ನು ಎಷ್ಟು ಕಡಿಮೆಯಾಗಬೇಕು? ಅದೇ ಲಾಕ್‌ಡೌನ್ ಏಪ್ರಿಲ್‌ನಲ್ಲಿ, ಮದುವೆ, ನೇಮ, ಜಾತ್ರೆ ಎಲ್ಲ ಇರುವಾಗ ಹಾಕಿದರೆ ಕಥೆಯೇ ಬೇರೆ.

ಲೆಕ್ಕದ_ಮಾಷ್ಟ್ರು
ಇದು ಬಹಳ ಒಳ್ಳೆಯ ಮಾತು. ಬೆಂಗಳೂರಿನಲ್ಲಿ ಕೂತು ಲೆಕ್ಕ ಹಾಕುವವರಿಗೆ ಆಟಿ ಗೊತ್ತಾಗುವುದಿಲ್ಲ. ಆಗಸ್ಟಿನಲ್ಲಿ ಕೇಸ್ ಏರಿದರೆ ಲಾಕ್‌ಡೌನ್ ತೆಗೆದದ್ದಕ್ಕಾ, ಬೋಟು ನಿಷೇಧ ಮುಗಿದದ್ದಕ್ಕಾ, 22ಕ್ಕೆ ಬಂದ ಚೌತಿಗಾ? ಬೇರೆ ಮಾಡುವುದು ಕಷ್ಟ.

ಬೀಡಿ_ಬ್ರಾಂಚ್
ಆಟಿ ಅಂದಾಗ ನೆನಪಾಯಿತು. ನಮ್ಮ ಮನೆಗೆ ಪ್ರತಿ ವರ್ಷ ಆಟಿ ಕಳೆಂಜ ಬರುತ್ತಿದ್ದ. ತಾಳೆಗರಿಯ ಕೊಡೆ ತಿರುಗಿಸಿಕೊಂಡು, ಊರಿನ ಮಾರಿ ಓಡಿಸಲು. ಅಜ್ಜಿ ಗೆರಸೆಯಲ್ಲಿ ಅಕ್ಕಿ, ಉಪ್ಪು, ಹುಳಿ, ಮೆಣಸು ಇಟ್ಟು ಕೊಡುತ್ತಿದ್ದರು. ಆ ವರ್ಷ ಬರಲಿಲ್ಲ. ಅಜ್ಜಿ ಜಗಲಿಯಲ್ಲಿ ಕೂತು "ಮಾರಿ ಬಂದ ವರ್ಷವೇ ಕಳೆಂಜ ಬರಲಿಲ್ಲ" ಅಂತ ಕಣ್ಣು ಒರೆಸಿಕೊಂಡರು.

ಮಲ್ಪೆ_ಅಲೆ
ನಮ್ಮಲ್ಲಿಯೂ ಬರಲಿಲ್ಲ. ಆಟಿ ಅಮಾವಾಸ್ಯೆಯ ಹಾಲೆ ಮರದ ಕಷಾಯ ಮಾತ್ರ ಬಿಡಲಿಲ್ಲ.

ಹೆಜಮಾಡಿ_ಕೋಡಿ
ನಾನು ಹೊಳೆಯ ಆಚೆಯವನು ಶಾಂಭವಿ ಅಕ್ಕ. ನಿಮ್ಮ ಪುಸ್ತಕದ ಬಲಗಡೆ ಸಾಲಿನವನು! ಆ ದಿನಗಳು ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಸೇತುವೆಯ ಹತ್ತಿರ ಬ್ಯಾರಿಕೇಡ್, ನೀಲಿ ಟಾರ್ಪಲಿನ ಕೆಳಗೆ ಪೊಲೀಸರು, ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒದ್ದೆಯಾದ ರಿಜಿಸ್ಟರ್. ಹಾಲಿನ ಗಾಡಿ, ಆಂಬುಲೆನ್ಸ್ ಬಿಡುತ್ತಿದ್ದರು. ನನ್ನ ಕೆಲಸ ಮೂಲ್ಕಿಯ ಒಂದು ಬೇಕರಿಯಲ್ಲಿ. ಹೋಗಲು ಆಗಲಿಲ್ಲ.

ಆದರೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಅಂಗಡಿ ತೆರೆದಿತ್ತು ಅಂತ ನೀವು ಬರೆದಿರಿ. ತೆರೆದಿತ್ತು, ಗಿರಾಕಿ ಇರಲಿಲ್ಲ. ಪಡುಬಿದ್ರೆ ಪೇಟೆಯಲ್ಲಿ ಬಟ್ಟೆ ಅಂಗಡಿಯವರು ಬಾಗಿಲಲ್ಲಿ ಕುರ್ಚಿ ಹಾಕಿ ಮಳೆ ನೋಡುತ್ತಾ ಕೂರುತ್ತಿದ್ದರು. ಯಾರೂ ಮುಚ್ಚಿ ಅಂತ ಹೇಳಿರಲಿಲ್ಲ. ಜನ ತಾವಾಗಿಯೇ ಬರಲಿಲ್ಲ. ಹೆದರಿಕೆ. ಅದನ್ನು ಯಾವ ಸಾಲಿಗೆ ಹಾಕುತ್ತೀರಿ?

ಡೇಟಾ_ಹುಡುಗ
ಹೆಜಮಾಡಿ ಅಣ್ಣ, ನೀವು ಹೇಳಿದ್ದೇ ಈ ಇಡೀ ವಿಷಯದ ಗಂಟು. ಅಮೆರಿಕದಲ್ಲಿ ಗೂಲ್ಸ್‌ಬೀ ಮತ್ತು ಸೈವರ್ಸನ್ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು 2020ರಲ್ಲಿ ನಿಮ್ಮ ಹೊಳೆಯ ಹಾಗಿರುವ ಗಡಿಗಳನ್ನೇ ಹಿಡಿದು ನೋಡಿದರು. ಒಂದೇ ಪೇಟೆಗೆ ಓಡಾಡುವ ಜನ, ಆದರೆ ಗಡಿಯ ಒಂದು ಕಡೆ ಮುಚ್ಚುವ ಆದೇಶ, ಇನ್ನೊಂದು ಕಡೆ ಇಲ್ಲ. ಮೊಬೈಲ್ ಫೋನಿನ ಮಾಹಿತಿಯಿಂದ ಅಂಗಡಿಗೆ ಬಂದವರ ಸಂಖ್ಯೆ ಎಣಿಸಿದರು. ಒಟ್ಟು ಇಳಿದದ್ದು ಶೇಕಡಾ 60 ಅಂಶ. ಅದರಲ್ಲಿ ಸರ್ಕಾರದ ಆದೇಶದಿಂದ ಇಳಿದದ್ದು 7 ಮಾತ್ರ. ಉಳಿದದ್ದು ಜನ ತಾವೇ ಹೆದರಿ ಮನೆಯಲ್ಲಿ ಕೂತದ್ದು.

ನಮ್ಮಲ್ಲಿಯೂ ಗೂಗಲ್‌ನವರ ಓಡಾಟದ ಮಾಹಿತಿ ಜಿಲ್ಲೆವಾರು ಸಿಗುತ್ತಿತ್ತು. 2020ರ ಜನವರಿ 3ರಿಂದ ಫೆಬ್ರವರಿ 6ರ ವರೆಗಿನ ದಿನಗಳಿಗೆ ಹೋಲಿಸಿ ಅಂಗಡಿ, ಬಸ್ ಸ್ಟಾಂಡ್, ಕೆಲಸದ ಜಾಗದಲ್ಲಿ ಎಷ್ಟು ಕಡಿಮೆ ಜನ ಅಂತ. ಹಳೆಯದು ಈಗಲೂ ಇಳಿಸಿಕೊಳ್ಳಬಹುದು. ನೋಡುವುದಾದರೆ ಮೊದಲು ಅದನ್ನು ನೋಡಬೇಕು. ಮಂಗಳೂರಲ್ಲಿ ಓಡಾಟ ಉಡುಪಿಗಿಂತ ನಿಜವಾಗಿಯೂ ಕಡಿಮೆಯಾಯಿತಾ ಅಂತ.

ಕುಡ್ಲ_ರಿಕ್ಷಾ
ನೋಡಿ! ನಾನು ಹೇಳಿದ್ದು ಅದೇ ಆಯಿತಲ್ಲ. ಆದೇಶ ಬೇಕಾಗಿರಲಿಲ್ಲ.

ತಲಪಾಡಿ_ದಾಟಿ
ಅಮೆರಿಕದವರು ಮನೆಯಲ್ಲಿ ಕೂತರೆ ಸಂಬಳ ಬರುತ್ತದೆ, ಫ್ರಿಜ್ಜಿನಲ್ಲಿ ತಿಂಗಳ ಊಟ ಇರುತ್ತದೆ. ದಿನಗೂಲಿಯವನಿಗೆ ಹೆದರಿಕೆ ಎಷ್ಟಿದ್ದರೂ ಕೆಲಸಕ್ಕೆ ಹೋಗಲೇಬೇಕು. ಆದೇಶ ಇದ್ದರೆ ಧಣಿ ಕರೆಯುವುದಿಲ್ಲ. ಆ 7 ಅನ್ನುವುದನ್ನು ಇಲ್ಲಿಗೆ ತಂದು ಅಂಟಿಸಬೇಡಿ.

ಡೇಟಾ_ಹುಡುಗ
ಸರಿ. ಸಂಖ್ಯೆ ತರುವುದಿಲ್ಲ. ವಿಧಾನ ಮಾತ್ರ ತರೋಣ.

ಬೀಡಿ_ಬ್ರಾಂಚ್
ಆದೇಶದಿಂದ ಉಲ್ಟಾ ಆದದ್ದೂ ಉಂಟು. 2020ರ ಮಾರ್ಚ್ 28, 29, 30 ನಮ್ಮ ದಕ್ಷಿಣ ಕನ್ನಡ ಪೂರ್ತಿ ಬಂದ್ ಇತ್ತು. ಅಂಗಡಿಯೂ ಇಲ್ಲ. 31ಕ್ಕೆ ಬಾಗಿಲು ತೆರೆದಾಗ ಏನಾಯಿತು? ನಾನು ಅಕ್ಕಿಗೆ ಹೋಗಿದ್ದೆ. ಒಬ್ಬರ ಬೆನ್ನಿಗೆ ಇನ್ನೊಬ್ಬರ ಎದೆ. ನನ್ನ ಮುಂದಿದ್ದ ಅಮ್ಮನ ಕೈಯಲ್ಲಿ ಎರಡು ಚೀಲ, ಮುಖಕ್ಕೆ ಸೆರಗು. ಮೂರು ದಿನ ಯಾರನ್ನೂ ನೋಡದ ಊರು ಒಂದೇ ಬೆಳಗ್ಗೆ ಒಂದೇ ರಸ್ತೆಗೆ ಬಂದಿತ್ತು. 2021ರ ಏಪ್ರಿಲ್ 27ರ ನಂತರ ಬೆಳಗ್ಗೆ 6ರಿಂದ 10 ಅಂತ ಮಾಡಿದಾಗಲೂ ಹಾಗೆ. ದಿನವಿಡೀ ಹಂಚಿ ಹೋಗುತ್ತಿದ್ದ ಜನ ನಾಲ್ಕು ಗಂಟೆಯಲ್ಲಿ ತುಂಬಿದರು. ಮಂಗಳೂರಿನ ಸೆಂಟ್ರಲ್ ಮಾರ್ಕೆಟ್‌ನ ಸಗಟು ವ್ಯಾಪಾರವನ್ನು 2020ರ ಏಪ್ರಿಲ್‌ನಲ್ಲಿ ಬೈಕಂಪಾಡಿಗೆ ಕಳಿಸಿದ್ದು ಇದೇ ಜನಜಂಗುಳಿಗೆ ಹೆದರಿ ಅಲ್ವಾ?

ಲಾಕ್‌ಡೌನ್ ಅಂತ ಒಂದೇ ಹೆಸರು. ಒಳಗೆ ಹತ್ತು ತರ. ಯಾವುದನ್ನು ಅಳೆಯುತ್ತೀರಿ?

ಲೆಕ್ಕದ_ಮಾಷ್ಟ್ರು
ಇದೇ ಪ್ರಶ್ನೆ ದೊಡ್ಡ ದೊಡ್ಡವರನ್ನೂ ಕಾಡಿದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಯುರೋಪಿನ 11 ದೇಶಗಳ ಸಾವಿನ ಸಂಖ್ಯೆಯಿಂದ ಹಿಂದಕ್ಕೆ ಲೆಕ್ಕ ಹಾಕಿ, 2020ರ ಜೂನ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಮೇ ಮೊದಲ ದಿನಗಳ ವರೆಗೆ ಈ ಕ್ರಮಗಳಿಂದ 31 ಲಕ್ಷ ಸಾವು ತಪ್ಪಿತು, ಅದರಲ್ಲಿ ಲಾಕ್‌ಡೌನಿನ ಪಾಲೇ ದೊಡ್ಡದು ಅಂತ. ಆಕ್ಷೇಪ ಕೂಡಲೇ ಬಂತು. ಅಲ್ಲಿ ಶಾಲೆ ಮುಚ್ಚಿದ್ದು, ಸಭೆ ನಿಲ್ಲಿಸಿದ್ದು, ಜ್ವರ ಬಂದವರು ಮನೆಯಲ್ಲಿರಿ ಅಂದದ್ದು, ಲಾಕ್‌ಡೌನ್ ಎಲ್ಲವೂ ಒಂದೆರಡು ವಾರದ ಒಳಗೆ ಒಂದರ ಮೇಲೆ ಒಂದು ಬಂದವು.

ಉಡುಪಿಯ ರಥಬೀದಿಯಲ್ಲಿ ತೇರು ಎಳೆಯುವುದನ್ನು ನೋಡಿದ್ದೀರಲ್ಲ. ಮೊದಲು ನಾಲ್ಕು ಜನ ಹಗ್ಗ ಹಿಡಿಯುತ್ತಾರೆ, ಆಮೇಲೆ ಹತ್ತು, ಆಮೇಲೆ ನೂರು. ಚಕ್ರ ತಿರುಗಿದ ಹೊತ್ತಿಗೆ ಕೊನೆಗೆ ಕೈ ಹಾಕಿದವನು ಯಾರೋ ಅವನೇ ಎಳೆದ ಅಂತ ಹೇಳಿದರೆ ಸರಿಯಾ? ಅವನಿಂದ ಏನೂ ಆಗಲಿಲ್ಲ ಅಂದರೂ ತಪ್ಪು. ಯಾರ ಪಾಲು ಎಷ್ಟು ಅಂತ ತಿಳಿಯಬೇಕಾದರೆ ಬೇರೆ ಬೇರೆ ತೇರಿನಲ್ಲಿ ಬೇರೆ ಬೇರೆ ಜನ ಹಗ್ಗ ಹಿಡಿದದ್ದನ್ನು ನೋಡಬೇಕು.

ಕುಡ್ಲ_ರಿಕ್ಷಾ
ಸ್ವೀಡನ್ ಲಾಕ್‌ಡೌನ್ ಮಾಡಲೇ ಇಲ್ಲವಲ್ಲ. ಅವರಿಗೆ ಏನಾಯಿತು?

ವಾರ್ಡ್_ಅಕ್ಕ
ಸ್ವೀಡನ್ ಏನೂ ಮಾಡಲಿಲ್ಲ ಅನ್ನುವುದು ತಪ್ಪು. 50ಕ್ಕಿಂತ ಜಾಸ್ತಿ ಜನ ಸೇರುವುದನ್ನು ನಿಲ್ಲಿಸಿದ್ದರು, ದೊಡ್ಡ ಮಕ್ಕಳಿಗೆ ಮನೆಯಿಂದಲೇ ಪಾಠ ಇತ್ತು. ಆದರೂ 2020ರಲ್ಲಿ ಪಕ್ಕದ ನಾರ್ವೆ, ಫಿನ್‌ಲ್ಯಾಂಡ್, ಡೆನ್ಮಾರ್ಕಿಗಿಂತ ಅವರಲ್ಲಿ ಸಾವು ಎಷ್ಟೋ ಜಾಸ್ತಿ.

ತಲಪಾಡಿ_ದಾಟಿ
ಪೂರ್ತಿ ಹೇಳಿ ಅಕ್ಕ. 2020ರಿಂದ 2022ರ ವರೆಗೆ ಒಟ್ಟು ಹೆಚ್ಚುವರಿ ಸಾವು, ಅಂದರೆ ಮಾಮೂಲಿಗಿಂತ ಜಾಸ್ತಿ ಆದ ಸಾವು, ನೋಡಿದರೆ ಯುರೋಪಿನಲ್ಲೇ ತೀರಾ ಕಡಿಮೆ ಇದ್ದ ದೇಶಗಳಲ್ಲಿ ಸ್ವೀಡನ್ ಒಂದು. ಎಲ್ಲಿಂದ ಎಲ್ಲಿಯವರೆಗೆ ಎಣಿಸುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ವಾರ್ಡ್_ಅಕ್ಕ
ಅದೂ ನಿಜ.

ಬೀಡಿ_ಬ್ರಾಂಚ್
ನಮ್ಮ ದೇಶದ್ದು ಏನು ಲೆಕ್ಕ? ಲಕ್ಷಗಟ್ಟಲೆ ಕೇಸ್ ತಪ್ಪಿತು ಅಂತ ಟಿವಿಯಲ್ಲಿ ಬಂದಿತ್ತು.

ಡೇಟಾ_ಹುಡುಗ
2020ರ ಮೇ 22ಕ್ಕೆ ಕೇಂದ್ರ ಸರ್ಕಾರ ಹೇಳಿದ್ದು: 14ರಿಂದ 29 ಲಕ್ಷ ಕೇಸ್ ತಪ್ಪಿತು, 37,000ದಿಂದ 78,000 ಜೀವ ಉಳಿಯಿತು. ಅದೇ ದಿನ ತೋರಿಸಿದ ಇನ್ನೊಂದು ಅಂದಾಜಿನಲ್ಲಿ 36ರಿಂದ 70 ಲಕ್ಷ ಕೇಸ್ ಅಂತ ಇತ್ತು. ಒಂದೇ ದೇಶ, ಒಂದೇ ಎರಡು ತಿಂಗಳು, 14ರಿಂದ 70! ಯಾರೂ ಸುಳ್ಳು ಹೇಳಿದ್ದಲ್ಲ. ಲಾಕ್‌ಡೌನ್ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಒಬ್ಬೊಬ್ಬರು ಒಂದೊಂದು ರೀತಿ ಊಹಿಸಿದರು.

ಎರಡು ಪಟ್ಟು ಆಗಲು ಬೇಕಾದ ದಿನದ ಲೆಕ್ಕವೂ ಹಾಗೆ. ಲಾಕ್‌ಡೌನಿಗೆ ಮೊದಲು 3.4 ದಿನಕ್ಕೆ ದುಪ್ಪಟ್ಟು, ಏಪ್ರಿಲ್ 20ರ ಹೊತ್ತಿಗೆ 7.5 ದಿನಕ್ಕೆ ಅಂತ ಆರೋಗ್ಯ ಇಲಾಖೆ ಹೇಳಿತು. 21 ದಿನಕ್ಕೆ ಇದರ ಅರ್ಥ ನೋಡಿ: 3.4 ಆದರೆ 72 ಪಟ್ಟು, 7.5 ಆದರೆ 7 ಪಟ್ಟು. ಆದರೆ ಹಳೆಯ 3.4 ಅದೇ ವೇಗದಲ್ಲಿ ಮುಂದುವರಿಯುತ್ತಿತ್ತಾ? ಅದೇ ಪ್ರಶ್ನೆ. ಮಾರ್ಚಿನ ಕೇಸುಗಳಲ್ಲಿ ವಿದೇಶದಿಂದ ಬಂದವರೇ ಜಾಸ್ತಿ. ವಿಮಾನ ನಿಂತ ಮೇಲೆ ಅದು ಹೇಗೂ ನಿಧಾನವಾಗಬೇಕಿತ್ತು.

ತಲಪಾಡಿ_ದಾಟಿ
ಉಳಿದ ಜೀವ ಎಣಿಸುವವರು ಹೋದ ಜೀವವನ್ನೂ ಎಣಿಸಲಿ. ನಾನು ಗಡಿಯ ಆಚೆ, ಕೇರಳದ ಮಂಜೇಶ್ವರದವನು. ನಮಗೆ ಆಸ್ಪತ್ರೆ ಅಂದರೆ ಮಂಗಳೂರು. ಮಾರ್ಚ್ 2020ರಲ್ಲಿ ತಲಪಾಡಿ ಗಡಿ ಮುಚ್ಚಿತು. ನಮ್ಮ ಬೀದಿಯ ಒಬ್ಬ ಅಜ್ಜನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಆಂಬುಲೆನ್ಸ್ ಗೇಟಿನ ತನಕ ಹೋಗಿ ತಿರುಗಿ ಬಂತು. ಎರಡನೇ ಸಲವೂ ತಿರುಗಿ ಬಂತು. ಅಜ್ಜ ಹೋದರು. ಕೋವಿಡ್ ಬುಲೆಟಿನ್‌ನಲ್ಲಿ ಅವರ ಹೆಸರಿಲ್ಲ. ಕಾಸರಗೋಡಿನಲ್ಲಿ ಹೀಗೆ ಹೋದವರು ಒಬ್ಬಿಬ್ಬರಲ್ಲ. ವಿಷಯ ಕೇರಳ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಯಿತು.

ವಾರ್ಡ್_ಅಕ್ಕ
ನಿಮ್ಮ ಮಾತು ಪೂರಾ ಒಪ್ಪುತ್ತೇನೆ ಅಣ್ಣ. ಕ್ಷಯದ ಲೆಕ್ಕವನ್ನೇ ತೆಗೆದುಕೊಳ್ಳಿ. 2019ರಲ್ಲಿ ದೇಶದಲ್ಲಿ 24 ಲಕ್ಷ ರೋಗಿಗಳು ದಾಖಲಾಗಿದ್ದರು, 2020ರಲ್ಲಿ 18 ಲಕ್ಷ. ಕ್ಷಯ ಕಡಿಮೆಯಾದದ್ದಲ್ಲ. ಕೆಮ್ಮಿದವರು ಆಸ್ಪತ್ರೆಗೆ ಬರಲಿಲ್ಲ.

ಪೊಳಲಿ_ದಾರಿ
ಎಲ್ಲ ಮುಗಿದು ವರ್ಷಗಳಾದವು ಮಾರಾಯ್ರೆ. ಈಗ ಯಾಕೆ ಇದನ್ನೆಲ್ಲ ಕೆದಕುವುದು? ಹೋದವರು ಬರುತ್ತಾರಾ?

ಶಾಂಭವಿ_ತೀರ
ಯಾಕೆ ಅಂತ ಹೇಳುತ್ತೇನೆ.

ನನ್ನ ಅಪ್ಪ 2020ರ ಸೆಪ್ಟೆಂಬರಿನಲ್ಲಿ ಕೋವಿಡ್‌ನಿಂದ ಹೋದರು. ಬೆಳಗ್ಗೆ ಹೂ ಕೊಯ್ಯುತ್ತಿದ್ದವರು, ಎಂಟು ದಿನದಲ್ಲಿ ಇಲ್ಲ. ಪುಸ್ತಕದಲ್ಲಿ ಆ ದಿನದ ಮೇಲೆ ನಾನು ಬರೆದಿಲ್ಲ, ಅಲ್ಲಿಗೇ ನಿಂತಿದೆ. ಜುಲೈಯಲ್ಲಿ ಲಾಕ್‌ಡೌನ್ ಆದಾಗ ಅಪ್ಪ ಏಳು ದಿನ ಮನೆಯಲ್ಲೇ ಇದ್ದರು. ಮೊಮ್ಮಗಳಿಗೆ ಚೆನ್ನೆಮಣೆ ಆಟ ಕಲಿಸಿದರು. ಅವಳು ಇವತ್ತಿಗೂ ಹೊಂಗಾರೆ ಕಾಯಿ ಎಣಿಸುವಾಗ ಅಜ್ಜನ ಹಾಗೆಯೇ ತುಟಿ ಆಡಿಸುತ್ತಾಳೆ.

ಚಿಕ್ಕಪ್ಪ "ಏನೂ ಆಗಲಿಲ್ಲ" ಅಂದಾಗ ನನಗೆ ಹೊಟ್ಟೆಯಲ್ಲಿ ಹಿಂಡಿದ ಹಾಗಾಯಿತು. ಅವರು ಹೇಳಿದ್ದು ನಿಜವಾದರೆ ನಿಜ ಅಂತ ಒಪ್ಪುತ್ತೇನೆ. ಮಾಷ್ಟ್ರು ಹೇಳಿದ ಆ 13 ದಿನ ನಿಜವಾದರೆ ಅದೂ ನನಗೆ ಗೊತ್ತಾಗಬೇಕು. ಸುಮ್ನೆ ಯಾರೋ ಜೋರಾಗಿ ಹೇಳಿದ್ದನ್ನು ನಂಬಿ ಕೂರಲು ಆಗುವುದಿಲ್ಲ.

ಪೊಳಲಿ_ದಾರಿ
ಕ್ಷಮಿಸಿ ಅಕ್ಕ. ಗೊತ್ತಿರಲಿಲ್ಲ.

ಕುಡ್ಲ_ರಿಕ್ಷಾ
ನನ್ನದೂ ತಪ್ಪಾಯಿತು ಅಕ್ಕ. ನಾನು ನನ್ನ ಗಾಡಿಯ ವಿಷಯ ಮಾತ್ರ ನೋಡಿದೆ.

ಶಾಂಭವಿ_ತೀರ
ನೀವು ಹೇಳಿದ್ದರಲ್ಲಿ ತಪ್ಪೇನಿಲ್ಲ ತಮ್ಮಾ. ನಿಮ್ಮ ಕಂತು ಕೂಡ ಲೆಕ್ಕಕ್ಕೆ ಬರಲೇಬೇಕು.

ಲೆಕ್ಕದ_ಮಾಷ್ಟ್ರು
ಅಮ್ಮಾ, ನಾನು ಒಂದು ಮಾತು ಖಚಿತವಾಗಿ ಹೇಳಬಲ್ಲೆ. ನಿಮ್ಮ ಪುಸ್ತಕ ಒಂದರಿಂದ "ಏನೂ ಆಗಲಿಲ್ಲ" ಅಂತ ಹೇಳಲು ಬರುವುದಿಲ್ಲ. "ಇಷ್ಟು ಆಯಿತು" ಅಂತಲೂ ಬರುವುದಿಲ್ಲ. ಒಂದು ವಾರ ತೀರಾ ಸಣ್ಣದು. ಆದರೆ ನೀವು ಎರಡೂ ಜಿಲ್ಲೆಯನ್ನು ಒಂದೇ ಪುಟದಲ್ಲಿ ಬರೆದಿದ್ದೀರಿ. ಅದು ದೊಡ್ಡ ವಿಷಯ. ಜೂನ್ ಕೊನೆಯಿಂದ ಆಗಸ್ಟ್ 20ರ ವರೆಗೆ ಎರಡೂ ಸಾಲು ಬೇಕು. ಚೌತಿ ಬರುವ ಮೊದಲು ನಿಲ್ಲಿಸೋಣ. ದಿನಾ ಎಷ್ಟು ಟೆಸ್ಟ್ ಆಯಿತು ಅಂತ ಬರೆದಿದ್ದೀರಾ?

ಶಾಂಭವಿ_ತೀರ
ಸ್ವಲ್ಪ ದಿನ ಬರೆದಿದ್ದೇನೆ. ಪೆನ್ಸಿಲಿನಲ್ಲಿ, ಅಂಚಿನಲ್ಲಿ. ಮಾಸಿ ಹೋಗಿದೆ, ಆದರೆ ಬೆಳಕಿಗೆ ಹಿಡಿದರೆ ಓದಬಹುದು.

ಡೇಟಾ_ಹುಡುಗ
ಫೋಟೋ ಹಾಕಿ ಅಕ್ಕ, ನಾನು ಟೈಪ್ ಮಾಡುತ್ತೇನೆ. ಮೂಲ್ಕಿ, ಸುರತ್ಕಲ್ ಕಡೆಯದ್ದು ಬೇರೆ, ಕಾಪು, ಪಡುಬಿದ್ರೆ ಕಡೆಯದ್ದು ಬೇರೆ ಅಂತ ಸಿಕ್ಕಿದರೆ ಇನ್ನೂ ಒಳ್ಳೆಯದು. ಇಡೀ ಜಿಲ್ಲೆಗಿಂತ ಹೊಳೆಯ ಎರಡು ದಡ ಹೋಲಿಸುವುದು ಸರಿ. ಹೊರಗಿನಿಂದ ಬಂದವರದ್ದು ಬೇರೆ ತೆಗೆಯೋಣ, ಅಂಧೇರಿ ಅಣ್ಣ ಹೇಳಿದ ಹಾಗೆ.

ಅಂಧೇರಿ_ಟು_ಕಾಪು
ಆಗ ದಿನಾ ಬರುತ್ತಿದ್ದ ಪಟ್ಟಿಯಲ್ಲಿ ಎಲ್ಲಿಂದ ಬಂದದ್ದು ಅಂತ ಇರುತ್ತಿತ್ತು. ನನ್ನ ಫೋನಿನಲ್ಲಿ ಜೂನ್ ತಿಂಗಳದ್ದು ಸ್ವಲ್ಪ ಉಳಿದಿದೆ. ಕಳಿಸುತ್ತೇನೆ.

ಮಲ್ಪೆ_ಅಲೆ
ಬೋಟು ಯಾವ ದಿನ ಹೊರಟಿತು ಅಂತ ನಾನು ಕೇಳಿ ಹೇಳುತ್ತೇನೆ. ಆ ವರ್ಷ ಬೋಟಿನ ಕೆಲಸದ ಕಲಾಸಿಗಳು ಬರುವುದೇ ತಡವಾಗಿತ್ತು.

ಶಾಂಭವಿ_ತೀರ
ನಾಳೆ ಹಗಲು ಬೆಳಕಿನಲ್ಲಿ ಫೋಟೋ ತೆಗೆದು ಹಾಕುತ್ತೇನೆ. ಜುಲೈ 24ರ ಸಾಲು ಮಾತ್ರ ಎರಡೂ ಕಡೆ ಖಾಲಿ. ಆ ರಾತ್ರಿ ಗಾಳಿಮಳೆಗೆ ಕರೆಂಟ್ ಹೋಗಿತ್ತು, ಫೋನಿನಲ್ಲಿ ಚಾರ್ಜ್ ಇರಲಿಲ್ಲ.

ಹೆಜಮಾಡಿ_ಕೋಡಿ
ನಮ್ಮ ಅಟ್ಟದಲ್ಲಿ ಆ ತಿಂಗಳ ಪೇಪರ್ ಕಟ್ಟು ಇರಬೇಕು. 25ರ ಪೇಪರಿನಲ್ಲಿ 24ರದ್ದು ಬಂದಿರುತ್ತದೆ. ಸಂಜೆ ಹತ್ತಿ ನೋಡುತ್ತೇನೆ ಅಕ್ಕ.